ತೆರೆ ಆರಿದಾಗ ಪುಟದಲ್ಲಿ ಉಳಿದ ಡಾಕ್ಟರ್

ಲಂಡನ್ನಿನ ಬಾರ್ನ್ಸ್ ಕಾಮನ್ ಬಯಲು. ದಟ್ಟ ಮಂಜು. ಇಯಾನ್ ಚೆಸ್ಟರ್ಟನ್ ಕಾರು ನಿಲ್ಲಿಸಿದ್ದಾನೆ. ಮಂಜಿನೊಳಗಿಂದ ತಡವರಿಸುತ್ತ ಬರುತ್ತಾಳೆ ಬಾರ್ಬರಾ; ಹತ್ತಿರದಲ್ಲೇ ಅಪಘಾತವಾಗಿದೆ. ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ. 'ಡಾಕ್ಟರ್ ಹೂ' ಎಂಬುದು ಕಾಲದಲ್ಲಿ ಹಿಂದೆ ಮುಂದೆ ಸಂಚರಿಸುವ 'ಡಾಕ್ಟರ್' ಎಂಬಾತನ ಸುತ್ತ ಹೆಣೆದ ಬ್ರಿಟನ್ನಿನ ಟಿವಿ ಧಾರಾವಾಹಿ; 1964ರಲ್ಲಿ ಬಂದ ಅದರ ಮೊದಲ ಕಾದಂಬರಿ ಶುರುವಾಗುವುದು ಹೀಗೆ.

ಅದಕ್ಕೂ ಒಂದು ವರ್ಷ ಮೊದಲು, 1963ರ ನವೆಂಬರ್ 23ರಂದು ಬಿಬಿಸಿ ತೋರಿಸಿದ ಮೊದಲ ಕಂತಿನಲ್ಲಿ ಇದ್ಯಾವುದೂ ಇರಲಿಲ್ಲ. ಅಲ್ಲಿ ಇವರಿಬ್ಬರೂ ಒಂದೇ ಶಾಲೆಯ ಮೇಷ್ಟ್ರುಗಳು. ವಿದ್ಯಾರ್ಥಿನಿಯೊಬ್ಬಳ ಬೆನ್ನು ಹತ್ತಿ ಗುಜರಿ ಅಂಗಳಕ್ಕೆ ಹೋಗುತ್ತಾರೆ. ಕಾದಂಬರಿ ಬರೆದ ಡೇವಿಡ್ ವಿಟೇಕರ್ ಧಾರಾವಾಹಿಯ ಮೊದಲ ಚಿತ್ರಕಥಾ ಸಂಪಾದಕ. ಕಂತುಗಳು ಅವರಿಗೆ ಬಾಯಿಪಾಠ. ಆದರೂ ಆರಂಭವನ್ನೇ ಬದಲಿಸಿ, ಇಡೀ ಕಥೆಯನ್ನು ಇಯಾನನ ಬಾಯಲ್ಲಿ 'ನಾನು' ಎಂದು ಹೇಳಿಸಿದರು. ಟಿವಿಯ ನೆರಳಲ್ಲಿ ಹುಟ್ಟಿದ ಪುಸ್ತಕವೂ ಸ್ವಂತ ಕಾಲ ಮೇಲೆ ನಿಲ್ಲಬಹುದೆಂದು ಆ ಮೊದಲ ಪುಟಗಳೇ ತೋರಿಸಿಕೊಟ್ಟವು ಎಂದು ನಾನು ನಂಬಿದ್ದೇನೆ.

ಇಂಥ ಪುಸ್ತಕಗಳ ನಿಜವಾದ ಬೆಲೆ ಗೊತ್ತಾಗಿದ್ದು ಆಮೇಲೆ. ಆಗ ವಿಡಿಯೋ ಟೇಪ್ ದುಬಾರಿ. ಅಳಿಸಿ ಮತ್ತೆ ಬಳಸುತ್ತಿದ್ದರು. ಕಂತುಗಳ ಮರುಪ್ರಸಾರಕ್ಕೆ ಕಲಾವಿದರೊಂದಿಗಿನ ಒಪ್ಪಂದಗಳ ಮಿತಿಯೂ ಇತ್ತು. ಹಾಗಾಗಿ 1960ರ ದಶಕದ ಎಷ್ಟೋ ಕಂತುಗಳನ್ನು ಬಿಬಿಸಿಯೇ ಅಳಿಸಿಹಾಕಿತು. 90ಕ್ಕೂ ಹೆಚ್ಚು ಕಂತುಗಳು ಇಂದಿಗೂ ಸಿಕ್ಕಿಲ್ಲ. 1973ರಲ್ಲಿ ಟಾರ್ಗೆಟ್ ಪ್ರಕಾಶನ ಹಳೆಯ ಮೂರು ಕಾದಂಬರಿಗಳನ್ನು ಮರುಮುದ್ರಿಸಿ, ಮರುವರ್ಷದಿಂದ ಹೊಸವನ್ನೂ ತರತೊಡಗಿತು. ಟೆರನ್ಸ್ ಡಿಕ್ಸ್ ಒಬ್ಬರೇ 60ಕ್ಕೂ ಹೆಚ್ಚು ಬರೆದರು. ತೆಳುವಾದ ಪುಸ್ತಕ, ಚುಟುಕು ವಾಕ್ಯ, ಒಂದೇ ಉಸಿರಿಗೆ ಓದಿಸಿಕೊಳ್ಳುವ ಓಟ. ಮನೆಯಲ್ಲಿ ಕ್ಯಾಸೆಟ್ ಹಾಕಿ ನೋಡುವ ಕಾಲ ಇನ್ನೂ ಬಂದಿರಲಿಲ್ಲ. ಹುಟ್ಟುವ ಮೊದಲೇ ಪ್ರಸಾರವಾಗಿ ಹೋದ ಕಥೆಗಳನ್ನು ಒಂದು ಪೀಳಿಗೆಯ ಮಕ್ಕಳು ಈ ಪುಟಗಳಲ್ಲೇ 'ನೋಡಿದರು'.

ಅಮೆರಿಕದ ಬಾಹ್ಯಾಕಾಶ ಧಾರಾವಾಹಿ 'ಸ್ಟಾರ್ ಟ್ರೆಕ್'ನದು ಬೇರೆ ದಾರಿ. ಅಲ್ಲಿ ಪುಸ್ತಕದ ಸಂಗತಿ ತೆರೆಗೆ ಹೋದದ್ದುಂಟು: ವೊಂಡಾ ಮ್ಯಾಕಿಂಟೈರ್ 1981ರ ಕಾದಂಬರಿಯಲ್ಲಿ ನೌಕೆಯ ಚಾಲಕ ಸುಲುಗೆ 'ಹಿಕಾರು' ಎಂಬ ಮೊದಲ ಹೆಸರು ಕೊಟ್ಟರು, 1991ರ ಸಿನಿಮಾ ಅದನ್ನೇ ಉಳಿಸಿಕೊಂಡಿತು.

'ಡಾಕ್ಟರ್ ಹೂ' 1989ರಲ್ಲಿ ನಿಂತುಹೋಯಿತು. 1991ರಿಂದ ವರ್ಜಿನ್ ಪ್ರಕಾಶನ ಹೊಸ ಕಥೆಗಳ ಕಾದಂಬರಿ ಸರಣಿ ಶುರುಮಾಡಿತು. ನೆಚ್ಚಿಕೊಳ್ಳಲು ಟಿವಿ ಕಂತೇ ಇಲ್ಲದಾಗ ಲೇಖಕರ ಕೈ ಸಡಿಲವಾಯಿತು; ಕಥೆಗಳು ದೊಡ್ಡವರ ಓದಿಗೆ ತಕ್ಕಂತೆ ಬೆಳೆದವು. ಪಾಲ್ ಕಾರ್ನೆಲ್ 1995ರಲ್ಲಿ ಬರೆದ 'ಹ್ಯೂಮನ್ ನೇಚರ್' ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಡಾಕ್ಟರ್ ತನ್ನ ನೆನಪನ್ನೆಲ್ಲ ಬಿಟ್ಟುಕೊಟ್ಟು, ಮೊದಲ ಮಹಾಯುದ್ಧ ಹತ್ತಿರವಾಗುತ್ತಿದ್ದ ಇಂಗ್ಲೆಂಡಿನಲ್ಲಿ ಜಾನ್ ಸ್ಮಿತ್ ಎಂಬ ಸಾಮಾನ್ಯ ಮೇಷ್ಟ್ರಾಗುತ್ತಾನೆ, ಜೋನ್ ಎಂಬಾಕೆಯನ್ನು ಪ್ರೀತಿಸುತ್ತಾನೆ. ಡಾಕ್ಟರ್ ಮರಳಬೇಕಾದರೆ ಸ್ಮಿತ್ ಇಲ್ಲವಾಗಬೇಕು.

ಇದು ಅಧಿಕೃತ ಕಥೆಗೆ ಸೇರುತ್ತದೋ ಇಲ್ಲವೋ ಎಂದು ಅಭಿಮಾನಿಗಳು ವರ್ಷಗಟ್ಟಲೆ ಜಗ್ಗಾಡಿದರು. 2007ರಲ್ಲಿ ಕಾರ್ನೆಲ್ ಅವರೇ ಚಿತ್ರಕಥೆ ಬರೆದು, ಅದೇ ಕಾದಂಬರಿ ಡೇವಿಡ್ ಟೆನಂಟ್ ಡಾಕ್ಟರ್ ಆಗಿ ಅಭಿನಯಿಸಿದ ಎರಡು ಕಂತುಗಳಾಗಿ ತೆರೆಗೆ ಬಂತು. 2005ರಲ್ಲಿ ಧಾರಾವಾಹಿಗೆ ಮರುಜೀವ ಕೊಟ್ಟ ರಸೆಲ್ ಟಿ. ಡೇವಿಸ್ ಕೂಡ 1996ರಲ್ಲಿ ವರ್ಜಿನ್ ಸರಣಿಗೆ ಒಂದು ಕಾದಂಬರಿ ಬರೆದವರೇ. 2018ರಲ್ಲಿ ಅವರು ತಮ್ಮ 'ರೋಸ್' ಕಂತನ್ನು ಕಾದಂಬರಿಯಾಗಿಸಿದರು. ಅದು ಹೊರಬಂದದ್ದು ಅದೇ ಟಾರ್ಗೆಟ್ ಹೆಸರಿನಲ್ಲಿ.