ಬಲಗಾಲಿನ ವೈರು ಮತ್ತು ಒಂದಿಷ್ಟು ಕೆಲಸಗಳು

ಬಯೋಮೆಡಿಕಲ್ ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಮುಗಿಸಿದವರಿಗೆ ಎದುರಾಗುವ ಮೊದಲ ಪ್ರಶ್ನೆ, "ಆಸ್ಪತ್ರೆ ಮಷೀನು ರಿಪೇರಿ ಮಾಡೋ ಕೆಲಸನಾ?" ಸ್ವಲ್ಪ ತಿಳಿದವರಾದರೆ, "ಅತ್ತ ಡಾಕ್ಟರೂ ಅಲ್ಲ, ಇತ್ತ ಪೂರ್ತಿ ಇಂಜಿನಿಯರೂ ಅಲ್ಲ" ಅನ್ನುತ್ತಾರೆ. ಇಂಥವರನ್ನು ಕೂರಿಸಿಕೊಂಡು ಇಸಿಜಿಯ ಬಲಗಾಲಿನ ವೈರಿನ ಬಗ್ಗೆ ಹೇಳಬೇಕು ಅನ್ನಿಸುತ್ತದೆ.

ಇಸಿಜಿ ತೆಗೆಯುವಾಗ ಕೈಕಾಲಿಗೆ ನಾಲ್ಕು ಕ್ಲಿಪ್ಪು, ಎದೆಗೆ ಆರು ಎಲೆಕ್ಟ್ರೋಡು ಹಾಕುತ್ತಾರೆ. ಕಾಗದದ ಮೇಲೆ 12 ಲೀಡ್‌ಗಳ, ಅಂದರೆ ಹೃದಯವನ್ನು 12 ಕೋನಗಳಿಂದ ನೋಡಿದ, ಗೆರೆ ಮೂಡುತ್ತದೆ. ಬಲಗಾಲು ಆ 12ರಲ್ಲಿ ಒಂದರ ಲೆಕ್ಕಕ್ಕೂ ಬರುವುದಿಲ್ಲ! ಮತ್ತೆ ಆ ಕ್ಲಿಪ್ಪು ಯಾಕೆ? "ಅರ್ಥಿಂಗ್" ಅಂದು ಮುಗಿಸುವವರೇ ಜಾಸ್ತಿ. ಆದರೆ ರೋಗಿಯನ್ನು ನೇರವಾಗಿ ನೆಲಕ್ಕೆ ಜೋಡಿಸಿದರೆ ಅದೇ ಅಪಾಯ. ಪಕ್ಕದಲ್ಲಿ ಕೆಟ್ಟ ಉಪಕರಣ ಮುಟ್ಟಿದರೆ ಕರೆಂಟು ಅವರ ಮೈಯಲ್ಲೇ ಹಾದುಹೋಗುತ್ತದೆ.

ಹೃದಯದ ಬಡಿತ ಚರ್ಮದ ಮೇಲೆ ಮೂಡಿಸುವ ವೋಲ್ಟೇಜು ಸುಮಾರು 1 ಮಿಲಿವೋಲ್ಟ್. ಅದೇ ಕೋಣೆಯ ಗೋಡೆಯೊಳಗೆ ನೂರಾರು ವೋಲ್ಟಿನ ವೈರುಗಳು ಓಡಾಡುತ್ತಿರುತ್ತವೆ. ಮುಟ್ಟದಿದ್ದರೂ ಮೈಗೂ ವೈರಿಗೂ ನಡುವೆ ಒಂದು ಪುಟ್ಟ ಕೆಪ್ಯಾಸಿಟರ್ ಇದ್ದ ಹಾಗೆ. ಅದರ ಮೂಲಕ ಇಡೀ ದೇಹದ ವೋಲ್ಟೇಜು ಸೆಕೆಂಡಿಗೆ 50 ಅಥವಾ 60 ಸಲ ಏರಿಳಿಯುತ್ತದೆ. ಈ ಏರಿಳಿತ ಹೃದಯದ ಸಿಗ್ನಲ್‌ಗಿಂತ ಎಷ್ಟೋ ಪಟ್ಟು ದೊಡ್ಡದು. ಫಿಲ್ಟರ್ ಹಾಕಿ ತೆಗೆದರಾಯಿತಲ್ವಾ? ಅಷ್ಟು ಸುಲಭ ಅಲ್ಲ. ಇಸಿಜಿಗೆ ಬೇಕಾದ ಸಿಗ್ನಲ್ 0.05ರಿಂದ 150 ಹರ್ಟ್ಸ್‌ವರೆಗೆ ಹರಡಿದೆ. 50 ಅದರ ನಟ್ಟನಡುವೆ ಕೂತಿದೆ. ಕಣ್ಣುಮುಚ್ಚಿ ಕತ್ತರಿಸಿದರೆ ಪ್ರತಿ ಬಡಿತಕ್ಕೂ ಮೂಡುವ ಚೂಪಾದ ಕ್ಯುಆರ್‌ಎಸ್ ಅಲೆಯ ಆಕಾರವೂ ಕೆಡುತ್ತದೆ.

ಅದಕ್ಕೇ ಡಿಫರೆನ್ಷಿಯಲ್ ಆಂಪ್ಲಿಫೈಯರ್. ಅಲೆಗೆ ಸಿಕ್ಕ ದೋಣಿಯಲ್ಲಿ ಇಬ್ಬರು ನಿಂತಿದ್ದಾರೆ ಅಂದುಕೊಳ್ಳಿ. ಇಬ್ಬರೂ ಒಟ್ಟಿಗೆ ಏರುತ್ತಾರೆ, ಒಟ್ಟಿಗೆ ಇಳಿಯುತ್ತಾರೆ. ಅಲೆ ಎಷ್ಟೇ ದೊಡ್ಡದಿರಲಿ, ಒಬ್ಬರಿಗಿಂತ ಇನ್ನೊಬ್ಬರು ಎಷ್ಟು ಎತ್ತರ ಅನ್ನುವುದು ಬದಲಾಗುವುದಿಲ್ಲ. ಆಂಪ್ಲಿಫೈಯರ್ ಹುಡುಕುವುದು ಈ ವ್ಯತ್ಯಾಸವನ್ನು ಮಾತ್ರ. ಒಳ್ಳೆಯದಾದರೆ ಎರಡೂ ಕಡೆ ಸಮಾನವಾಗಿ ಬಂದ ಗದ್ದಲವನ್ನು ವ್ಯತ್ಯಾಸಕ್ಕೆ ಹೋಲಿಸಿದರೆ 1 ಲಕ್ಷ ಪಟ್ಟು ಕುಗ್ಗಿಸುತ್ತದೆ. ಆದರೆ ಎರಡು ಎಲೆಕ್ಟ್ರೋಡುಗಳು ಚರ್ಮಕ್ಕೆ ಒಂದೇ ಥರ ಅಂಟಿಕೊಂಡಿರುವುದಿಲ್ಲ. ಒಂದರ ಜೆಲ್ ಒಣಗಿರುತ್ತದೆ, ಇನ್ನೊಂದರ ಕೆಳಗೆ ಕೂದಲು. ಆಗ ಒಟ್ಟಿಗೆ ಬಂದ ಗದ್ದಲದ ಒಂದು ಪಾಲು ವ್ಯತ್ಯಾಸದ ವೇಷ ಹಾಕಿಕೊಂಡು ಒಳಗೆ ನುಗ್ಗುತ್ತದೆ.

ಬಲಗಾಲಿನ ಕೆಲಸ ಶುರುವಾಗುವುದು ಇಲ್ಲೇ. ಉಳಿದ ಎಲೆಕ್ಟ್ರೋಡುಗಳಲ್ಲಿ ಸಮಾನವಾಗಿ ಕಾಣುವ ಏರಿಳಿತವನ್ನು ಸರ್ಕ್ಯೂಟು ಅಳೆಯುತ್ತದೆ, ತಲೆಕೆಳಗು ಮಾಡುತ್ತದೆ, ಹಿಗ್ಗಿಸಿ ಬಲಗಾಲಿನಿಂದ ದೇಹಕ್ಕೇ ವಾಪಸ್ ಕಳಿಸುತ್ತದೆ. ಅಂದರೆ ದೋಣಿಯನ್ನೇ ಹಿಡಿದು ನಿಲ್ಲಿಸುವುದು. ನಡುವೆ ಒಂದು ದೊಡ್ಡ ರೆಸಿಸ್ಟರ್ ಇರುವುದರಿಂದ ಕರೆಂಟು ಮೈಕ್ರೋಆಂಪ್‌ಗಳ ಮಟ್ಟ ದಾಟುವುದಿಲ್ಲ. 1983ರಲ್ಲಿ ವಿಂಟರ್ ಮತ್ತು ವೆಬ್‌ಸ್ಟರ್ ಈ ಸರ್ಕ್ಯೂಟಿನ ಲೆಕ್ಕಾಚಾರವನ್ನು ಬಿಡಿಸಿ ಬರೆದರು.

ನೆದರ್ಲೆಂಡ್ಸಿನ ಲೈಡನ್‌ನಲ್ಲಿ, ಇಸಿಜಿ ಯಂತ್ರಕ್ಕೆ ರೂಪ ಕೊಟ್ಟ ವಿಲ್ಲೆಮ್ ಐಂತೋವನ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೆಲಸ ಮಾಡುವಾಗ ಆಂಪ್ಲಿಫೈಯರೇ ಇರಲಿಲ್ಲ. ಬೆಳ್ಳಿ ಲೇಪಿಸಿದ ಕ್ವಾರ್ಟ್ಜ್ ಎಳೆಯೊಂದು ಆಯಸ್ಕಾಂತದ ನಡುವೆ ಅಲುಗಾಡುತ್ತಿತ್ತು. ಯಂತ್ರದ ತೂಕ ಸುಮಾರು 270 ಕಿಲೋ, ನಡೆಸಲು ಐದು ಜನ. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನಲ್ಲಿ ಇಟ್ಟುಕೊಂಡು ಕೂರಬೇಕಿತ್ತು. ಯಂತ್ರವನ್ನು ಹೊರುವುದು ಅಸಾಧ್ಯ ಅಂತ 1905ರಲ್ಲಿ ಅವರು ಆಸ್ಪತ್ರೆಯಿಂದ ಪ್ರಯೋಗಾಲಯಕ್ಕೆ ಸುಮಾರು ಒಂದೂವರೆ ಕಿಲೋಮೀಟರ್ ಟೆಲಿಫೋನ್ ತಂತಿಯಲ್ಲೇ ಸಿಗ್ನಲ್ ತರಿಸಿಕೊಂಡರು. ಈಗ ಅದಕ್ಕೆ ಟೆಲಿಮೆಡಿಸಿನ್ ಅಂತ ಹೊಸ ಹೆಸರು, ಅಷ್ಟೇ. 1924ರಲ್ಲಿ ನೊಬೆಲ್ ಬಂತು.

ಕೆಲಸದ ವಿಷಯಕ್ಕೆ ಬರೋಣ. ಆ ಒಂದು ಮಿಲಿವೋಲ್ಟ್ ಚರ್ಮದಿಂದ ಡಾಕ್ಟರ ಕಣ್ಣಿನವರೆಗೆ ಸಾಗುವ ದಾರಿಯ ಪ್ರತಿ ಹಂತದಲ್ಲೂ ಯಾರದೋ ನೌಕರಿ ಇದೆ. ಮೇಲೆ ಹೇಳಿದ್ದೆಲ್ಲ ಅನಲಾಗ್ ಡಿಸೈನಿನವರ ಪಾಲು. ಇಂಥ ಕೆಲಸ ಗೊತ್ತಿರುವವರು ಕಡಿಮೆ, ಹಾಗಾಗಿ ಅವರಿಗೆ ಬೆಲೆಯಿದೆ. ಮುಂದಿನದು ಸಿಗ್ನಲ್ ಪ್ರಾಸೆಸಿಂಗ್. ಹೃದ್ರೋಗಿಯೊಬ್ಬರು ಹಲ್ಲುಜ್ಜುತ್ತಿದ್ದರೆ ಮಾನಿಟರಿನಲ್ಲಿ ಮೂಡುವ ಅಲೆ ಹೃದಯದ ಕೆಳಕೋಣೆಗಳು ವಿಪರೀತ ವೇಗವಾಗಿ ಬಡಿಯುವ, ಪ್ರಾಣಾಪಾಯದ ವೆಂಟ್ರಿಕ್ಯುಲರ್ ಟಾಕಿಕಾರ್ಡಿಯಾದಂತೆಯೇ ಕಾಣಬಹುದು. ಎರಡನ್ನೂ ಬೇರೆ ಮಾಡುವ ಕೋಡ್ ಬರೆಯುವವರಿಗೆ ಗಣಿತವೂ ಬೇಕು, ಎಲೆಕ್ಟ್ರೋಡು ಹೇಗೆ ಜಾರುತ್ತದೆ ಅನ್ನುವುದೂ ಗೊತ್ತಿರಬೇಕು. ಬರೀ ಸಾಫ್ಟ್‌ವೇರ್ ಓದಿದವರು ಎಡವುವುದು ಈ ಎರಡನೆಯದರಲ್ಲಿ.

ಸುರಕ್ಷತೆ ಮತ್ತು ರೆಗ್ಯುಲೇಟರಿ ಕೆಲಸವನ್ನು ವಿದ್ಯಾರ್ಥಿಗಳು ಪೇಪರ್ ಕೆಲಸ ಅಂತ ಮೂಗು ಮುರಿಯುತ್ತಾರೆ. ಥೆರಾಕ್-25 ಕಥೆ ಓದಿದರೆ ಹಾಗೆ ಅನ್ನಲಿಕ್ಕಿಲ್ಲ. 1985ರಿಂದ 1987ರ ನಡುವೆ ಈ ರೇಡಿಯೇಷನ್ ಯಂತ್ರ ಆರು ಜನರಿಗೆ ಮಿತಿಮೀರಿದ ಡೋಸ್ ಕೊಟ್ಟಿತು, ಕೆಲವರು ಸತ್ತರು. ಆಪರೇಟರ್ ಸರಸರನೆ ಟೈಪ್ ಮಾಡಿ ತಿದ್ದಿದರೆ ಪ್ರೋಗ್ರಾಂ ಗೊಂದಲಕ್ಕೆ ಬೀಳುತ್ತಿತ್ತು. ಹಿಂದಿನ ಮಾದರಿಯ ಕೋಡಿನಲ್ಲೂ ಇಂಥ ದೋಷವಿತ್ತು. ಆದರೆ ಅಲ್ಲಿ ಹಾರ್ಡ್‌ವೇರಿನ ತಡೆಗಳು ಕಾಪಾಡಿದ್ದವು. ಹೊಸದರಲ್ಲಿ ಅವನ್ನು ತೆಗೆದುಹಾಕಿದ್ದರು. ಈಗ ವೈದ್ಯಕೀಯ ಸಾಫ್ಟ್‌ವೇರಿಗೆ ಐಇಸಿ 62304, ವಿದ್ಯುತ್ ಸುರಕ್ಷತೆಗೆ ಐಇಸಿ 60601 ಎಂಬ ಮಾನದಂಡಗಳಿವೆ. ಮಷೀನಿನ ಮೇಲೆ ಚೌಕದೊಳಗೆ ಪುಟ್ಟ ಹೃದಯದ ಗುರುತಿದ್ದರೆ, ಸರಿಯಾಗಿ ಕೆಲಸ ಮಾಡುವಾಗ ರೋಗಿಗೆ ಸೋರುವ ಕರೆಂಟು 10 ಮೈಕ್ರೋಆಂಪ್ ಮೀರಬಾರದು ಅಂತ ಅರ್ಥ. ಅದನ್ನು ವಾರ್ಡಿನಲ್ಲಿ ಅಳೆದು ನೋಡುವವರು ಕ್ಲಿನಿಕಲ್ ಇಂಜಿನಿಯರ್‌ಗಳು. ಜನ "ರಿಪೇರಿ" ಅನ್ನುವುದು ಇದನ್ನೇ.

ಇಂಪ್ಲಾಂಟ್‌ಗಳದ್ದು ಇನ್ನೊಂದು ಲೋಕ. ವಿಲ್ಸನ್ ಗ್ರೇಟ್‌ಬ್ಯಾಚ್ ಎಂಬ ಎಲೆಕ್ಟ್ರಿಕಲ್ ಇಂಜಿನಿಯರ್ ಮಾಡಿದ ಪೇಸ್‌ಮೇಕರ್ 1960ರಲ್ಲಿ ಮನುಷ್ಯರ ಮೈಯೊಳಗೆ ಹೋಯಿತು. ಸರ್ಕ್ಯೂಟು ಚೆನ್ನಾಗಿತ್ತು, ಪಾದರಸದ ಬ್ಯಾಟರಿ ಮಾತ್ರ ಬೇಗ ಸಾಯುತ್ತಿತ್ತು. ಅವರು ಸರ್ಕ್ಯೂಟು ಪಕ್ಕಕ್ಕಿಟ್ಟು ಬ್ಯಾಟರಿಗೇ ಕೈಹಾಕಿದರು. 1970ರ ದಶಕದಲ್ಲಿ ಲಿಥಿಯಂ-ಅಯೋಡಿನ್ ಬ್ಯಾಟರಿ ಪೇಸ್‌ಮೇಕರ್‌ಗಳಿಗೆ ಬಂತು. ಇಂಜಿನಿಯರ್ ಕೆಮಿಸ್ಟ್ರಿಗೆ ಜಿಗಿಯುವುದು ಈ ಕ್ಷೇತ್ರದಲ್ಲಿ ವಿಚಿತ್ರವೇನಲ್ಲ. ಎಂಆರ್‌ಐ ಕಾಯಿಲ್, ಕಿವಿಯ ಕಾಕ್ಲಿಯರ್ ಇಂಪ್ಲಾಂಟ್, ಮೆದುಳಿನ ಸಿಗ್ನಲ್ ಹಿಡಿಯುವ ಸಂಶೋಧನೆ ಎಲ್ಲ ಇದೇ ಡಿಗ್ರಿಯಿಂದ ಹೊರಡುವ ದಾರಿಗಳು. ಸಂಶೋಧನೆಯಲ್ಲೇ ಉಳಿಯುವವರಿಗೆ ಸಾಮಾನ್ಯವಾಗಿ ಪಿಎಚ್‌ಡಿ ಬೇಕು.

ನಡುವೆ ಒಂದು ಮಾತು. "ದೇಹದ ವಿದ್ಯುತ್ ಸಮತೋಲನ" ಮಾಡುತ್ತೇವೆ ಅಂತ ಬಳೆ, ಚಾಪೆ ಮಾರುವವರಿದ್ದಾರೆ. ಅವರಿಗೆ ಕೇಳಬೇಕಾದ್ದು ಒಂದೇ. ಯಾವ ಎರಡು ಜಾಗಗಳ ನಡುವೆ, ಎಷ್ಟು ವೋಲ್ಟ್? ನಾನು ಕೇಳಿದಾಗೆಲ್ಲ ಉತ್ತರದ ಬದಲು ಡಿಸ್ಕೌಂಟ್ ಸಿಕ್ಕಿದೆ.

ಈಗ ಓದುತ್ತಿರುವವರಿಗೆ ನನ್ನದೊಂದು ತಕರಾರು. ಥೀಸಿಸ್ ಅಂದರೆ ಎಂಐಟಿ-ಬಿಐಎಚ್ ಎಂಬ ಇಸಿಜಿಗಳ ಡೇಟಾಬೇಸ್ ಇಳಿಸಿಕೊಳ್ಳುವುದು ಅಂತಾಗಿದೆ. ಅದರಲ್ಲಿ ಅರ್ಧರ್ಧ ಗಂಟೆಯ 48 ರೆಕಾರ್ಡಿಂಗ್‌ಗಳಿವೆ, 1980ರಿಂದ ಎಲ್ಲರೂ ಅರೆಯುತ್ತಿರುವುದು ಅವನ್ನೇ. ಅದನ್ನು ಬಳಸಿ, ಬೇಡ ಅನ್ನಲ್ಲ. ಜೊತೆಗೆ ನಿಮ್ಮ ಮೈಗೇ ಬ್ಯಾಟರಿಯಲ್ಲಿ ಓಡುವ ಸರ್ಕ್ಯೂಟು ಹಾಕಿ ಒಂದು ರೆಕಾರ್ಡಿಂಗ್ ತೆಗೆಯಿರಿ. ಚಾರ್ಜರ್ ಕಿತ್ತಿಡಿ. ಕೈ ಅಲ್ಲಾಡಿಸಿ, ಎಲೆಕ್ಟ್ರೋಡು ಒಣಗಲು ಬಿಡಿ, ಕೆಮ್ಮಿ. ಇಂಟರ್‌ವ್ಯೂಗೆ ಹೋಗುವಾಗ ಆ ಕೊಳಕು ಗ್ರಾಫಿನ ಪ್ರಿಂಟು ತೆಗೆದುಕೊಂಡು ಹೋಗಿ. ಎಲ್ಲಿ ಕೆಮ್ಮಿದಿರಿ, ಎಲ್ಲಿ ಜೆಲ್ ಒಣಗಿತು ಅಂತ ಬೆರಳಿಟ್ಟು ತೋರಿಸಿ.