ಬಿಸಿ ಮಾಡದೆ ಎಲೆಕ್ಟ್ರಾನ್ ಕೊಡುವ ಸೆರಾಮಿಕ್: ಬಾಳಿಕೆಯ ಪ್ರಶ್ನೆ ಎಲ್ಲಿಂದ ಬಂತು?

ಮಳೆಗಾಲದ ರಾತ್ರಿ ತೀರ್ಥಹಳ್ಳಿ, ಹೊಸನಗರದ ಕಡೆ ಕರೆಂಟ್ ಕಂಬದ ಪಿಂಗಾಣಿ ಇನ್ಸುಲೇಟರ್ ಮೇಲೆ ಚರಚರ ಸದ್ದಿನೊಂದಿಗೆ ಕಿಡಿ ಹರಿದಾಡುವುದನ್ನು ಕಾಣದವರು ಕಡಿಮೆ. ವಿದ್ಯುತ್ತು ಪಿಂಗಾಣಿಯ ಒಳಗೆ ನುಗ್ಗದೆ ಮೈಮೇಲಿಂದ ಹರಿಯುವ ಈ ಪರಿ ಲೈನ್‌ಮನ್‌ಗಳಿಗೆ ದೊಡ್ಡ ತಲೆನೋವು. ಫೆರೋಎಲೆಕ್ಟ್ರಿಕ್ ಎಂಬ ಬಗೆಯ ಸೆರಾಮಿಕ್ಕಿನ ಕ್ಯಾಥೋಡ್ (ಎಲೆಕ್ಟ್ರಾನ್ ಹೊಮ್ಮಿಸುವ ಭಾಗ) ಎಲೆಕ್ಟ್ರಾನ್ ಕೊಡುವುದು ಹೆಚ್ಚುಕಮ್ಮಿ ಇಂಥದೇ ಹರಿವಿನಿಂದ. ಅದು ಬೇಗ ಹಾಳಾಗುವುದೂ ಅದರಿಂದಲೇ.

ಹಳೆಯ ಟಿವಿಯ ಪಿಕ್ಚರ್ ಟ್ಯೂಬಿನಲ್ಲಿ ಕ್ಯಾಥೋಡ್ ಕಾದು ಕೆಂಪಗಾಗುವ ತನಕ ಚಿತ್ರ ಮೂಡುತ್ತಿರಲಿಲ್ಲ. ಕಾಯಿಸುವ ಗೋಜಿಲ್ಲದೆ ಎಲೆಕ್ಟ್ರಾನ್ ಪಡೆಯುವ ದಾರಿಗಳಲ್ಲಿ ಫೆರೋಎಲೆಕ್ಟ್ರಿಕ್ ವಸ್ತುವೂ ಒಂದು. ಇವು ತಾವಾಗಿಯೇ ಧ್ರುವೀಕರಣಗೊಂಡಿರುತ್ತವೆ, ಅಂದರೆ ಒಳಗಿನ ಧನ, ಋಣ ವಿದ್ಯುದಂಶಗಳು ತುಸು ಬೇರೆಬೇರೆ ಕಡೆ ಸರಿದಿರುತ್ತವೆ. ಹೊರಗಿನಿಂದ ವೋಲ್ಟೇಜ್ ಕೊಟ್ಟರೆ ದಿಕ್ಕು ಬದಲಿಸುತ್ತವೆ. ಈ ಗುಣವನ್ನು 1920ರ ಸುಮಾರಿಗೆ ರೋಶೆಲ್ ಲವಣದಲ್ಲಿ ಗುರುತಿಸಿದವರು ಜೋಸೆಫ್ ವಾಲಾಸೆಕ್. 1940ರ ದಶಕದಲ್ಲಿ ಬೇರಿಯಂ ಟೈಟನೇಟ್ ಬಂತು, ಆಮೇಲೆ ಲೆಡ್ ಜಿರ್ಕೋನೇಟ್ ಟೈಟನೇಟ್. ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಟಕ್ಕೆಂದು ಕಿಡಿ ಹಾರಿಸುವುದು ಈ ಬಳಗದ ಸೆರಾಮಿಕ್ಕೇ.

1960ರಲ್ಲಿ ಮಿಲ್ಲರ್ ಮತ್ತು ಸ್ಯಾವೇಜ್ ಬೇರಿಯಂ ಟೈಟನೇಟ್‌ನಿಂದ ಎಲೆಕ್ಟ್ರಾನ್ ಹೊಮ್ಮುವುದನ್ನು ಕಂಡರು. ಅದು ತೀರಾ ಕ್ಷೀಣ. 1980ರ ದಶಕದ ಕೊನೆಗೆ ಜಿನೀವಾ ಬಳಿಯ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿ ಗುಂಡೆಲ್ ಮತ್ತು ರೀಗೆ ಅವರ ತಂಡಕ್ಕೆ ಚದರ ಸೆಂಟಿಮೀಟರಿಗೆ ಹತ್ತಾರು ಆಂಪಿಯರ್ ಸಿಕ್ಕಿದಾಗ ಎಲ್ಲರ ಕಣ್ಣೂ ಇತ್ತ ತಿರುಗಿತು.

ಸಾಧನ ನೋಡಲು ಸರಳ. ಸುಮಾರು ಒಂದು ಮಿಲಿಮೀಟರ್ ದಪ್ಪದ ಬಿಲ್ಲೆ. ಹಿಂಬದಿಗೆ ಪೂರ್ತಿ ಲೋಹದ ಲೇಪ, ಮುಂದೆ ಗೆರೆಗೆರೆಯಾಗಿ ಲೋಹದ ಪಟ್ಟಿ. ನಿರ್ವಾತದಲ್ಲಿಟ್ಟು ಒಂದೆರಡು ಸಾವಿರ ವೋಲ್ಟಿನ ಕಿರು ಪಲ್ಸ್ ಕೊಡುತ್ತಾರೆ. ಧ್ರುವೀಕರಣ ತಟ್ಟನೆ ತಿರುಗಿ ಎಲೆಕ್ಟ್ರಾನ್‌ಗಳನ್ನು ಹೊರದಬ್ಬುತ್ತದೆ ಎಂಬುದು ಮೊದಲ ವಿವರಣೆ. ಆದರೆ ಧ್ರುವೀಕರಣವೇ ಇಲ್ಲದ ಸ್ಥಿತಿಯಲ್ಲೂ ಹೊಮ್ಮುವಿಕೆ ಕಂಡಾಗ ಆ ವಾದ ಸಡಿಲವಾಯಿತು. ಲೋಹ, ಸೆರಾಮಿಕ್, ನಿರ್ವಾತ ಮೂರೂ ಕೂಡುವ ಅಂಚಿನಲ್ಲಿ ವಿದ್ಯುತ್ ಕ್ಷೇತ್ರ ವಿಪರೀತ ಹೆಚ್ಚಿ, ಪ್ಲಾಸ್ಮಾ (ಎಲೆಕ್ಟ್ರಾನ್, ಅಯಾನುಗಳಾಗಿ ಒಡೆದ ಅನಿಲ) ಹುಟ್ಟಿ, ಮೇಲ್ಮೈ ಮೇಲೆ ಹರಡುತ್ತದೆ. ದೊಡ್ಡ ಪ್ರವಾಹಕ್ಕೆ ಮೂಲ ಈ ಪ್ಲಾಸ್ಮಾ.

ನನ್ನ ಮಟ್ಟಿಗೆ ಇಡೀ ಇತಿಹಾಸದ ತಿರುವು ಇದೇ, ಏಕೆಂದರೆ ಬಾಳಿಕೆಯ ಸಮಸ್ಯೆ ಅರ್ಥವಾದದ್ದೂ ಇಲ್ಲಿಂದಲೇ. ಪ್ಲಾಸ್ಮಾ ಲೋಹದ ಅಂಚನ್ನು ಸವೆಸುತ್ತದೆ. ಹಾಗೆ ಸವೆದು ಎದ್ದ ಲೋಹವು ಪಟ್ಟಿಗಳ ನಡುವಿನ ಬರಿ ಜಾಗದಲ್ಲಿ ಕೂರುತ್ತದೆ. ಪ್ರತಿ ಪಲ್ಸಿಗೂ ಸೆರಾಮಿಕ್ ಹಿಗ್ಗಿ ಕುಗ್ಗುವುದರಿಂದ ಸಣ್ಣ ಬಿರುಕು ಬಿಡುತ್ತದೆ, ಲೇಪ ಏಳುತ್ತದೆ. ಪಲ್ಸುಗಳ ಬಿಡುವು ಕಡಿಮೆಯಾದಷ್ಟೂ ಬಿಲ್ಲೆ ಬಿಸಿಯಾಗುತ್ತದೆ. ಹೊರಬಿದ್ದ ಅನಿಲ ನಿರ್ವಾತವನ್ನು ಕೆಡಿಸುತ್ತದೆ.

ಹೀಗಾಗಿ, ಶಿವಮೊಗ್ಗದ ಕಾಲೇಜುಗಳಲ್ಲಿ ಫಿಸಿಕ್ಸ್ ಓದುವ ಮಕ್ಕಳು ‘ಈ ಕ್ಯಾಥೋಡ್ ಇಷ್ಟು ಲಕ್ಷ ಪಲ್ಸ್ ಬಾಳಿತು’ ಎಂಬ ಸಾಲು ಓದಿದರೆ ಅಲ್ಲಿಗೇ ನಿಲ್ಲಬಾರದು. ಸೆಕೆಂಡಿಗೆ ಎಷ್ಟು ಪಲ್ಸ್, ಎಷ್ಟು ಪ್ರವಾಹ, ಯಾವ ಮಟ್ಟದ ನಿರ್ವಾತ, ಯಾವ ಲೋಹದ ಪಟ್ಟಿ ಎಂದು ಕೇಳಬೇಕು.