ಗಂಟು ಕೆಳಗೆ, ತಪ್ಪು ಮೇಲೆ

ಹೊಲಿಗೆ ಮಷೀನಿನಲ್ಲಿ ಬ್ಲೌಸಿನ ಪಕ್ಕದ ಹೊಲಿಗೆ ಹಾಕುತ್ತಿದ್ದೆ. ಮೇಲಿನಿಂದ ನೋಡಿದರೆ ಹೊಲಿಗೆ ನೇರವಾಗಿ ಬರುತ್ತಿತ್ತು. ಬಟ್ಟೆ ತಿರುಗಿಸಿದರೆ ಕೆಳಗೆ ದಾರ ಕೂದಲು ಸಿಕ್ಕಾದ ಹಾಗೆ ಮುದ್ದೆ ಮುದ್ದೆಯಾಗಿ ಕೂತಿತ್ತು. ಗಂಟು ಕೆಳಗಿದೆ, ಹಾಗಾದರೆ ಬಾಬಿನ್, ಅಂದರೆ ಸೂಜಿಯ ಕೆಳಗಿರುವ ಪುಟ್ಟ ಉರುಳೆ, ಅದರ ದಾರವೇ ಸಡಿಲ ಇರಬೇಕು ಅಂದುಕೊಂಡು ಅದು ಕೂರುವ ಬಾಬಿನ್ ಕೇಸ್ ಹೊರಗೆ ತೆಗೆದೆ. ಅದರ ಪುಟ್ಟ ಸ್ಕ್ರೂ ಒಂದು ಸುತ್ತು ಬಿಗಿ ಮಾಡಿದೆ. ಗಂಟು ಇನ್ನೂ ಜಾಸ್ತಿಯಾಯಿತು. ಮತ್ತೆ ಬಿಗಿ ಮಾಡಿದೆ. ಈಗ ಬಾಬಿನ್ ದಾರ ಎಳೆದರೂ ಬರದಂತಾಯಿತು.

ಅಷ್ಟರಲ್ಲಿ ಚಿಕ್ಕಮ್ಮ ಬಂದರು. ನಲವತ್ತು ವರ್ಷ ಪೆಡಲ್ ತುಳಿದ ಕಾಲು ಅವರದು. ಬಟ್ಟೆಯ ಹಿಂಭಾಗ ಒಮ್ಮೆ ನೋಡಿದರು. "ಆ ಸ್ಕ್ರೂ ಯಾಕೆ ಮುಟ್ಟೋಕೆ ಹೋದೆ? ಮೊದಲು ಮೇಲಿನ ದಾರ ಪೂರ್ತಿ ಬಿಚ್ಚು. ಫುಟ್ ಎತ್ತಿಕೊಂಡು ಮತ್ತೆ ಪೋಣಿಸು" ಅಂದರು. ಫುಟ್ ಅಂದರೆ ಸೂಜಿಯ ಹತ್ತಿರ ಬಟ್ಟೆಯನ್ನು ಒತ್ತಿ ಹಿಡಿಯುವ ಲೋಹದ ಪಾದ. ಸ್ಕ್ರೂ ಮೊದಲಿದ್ದ ಜಾಗಕ್ಕೆ ತಂದು ಹಾಗೇ ಮಾಡಿದೆ. ಎರಡೂ ಕಡೆ ಹೊಲಿಗೆ ಒಂದೇ ಥರ ಬಂತು.

ಕೆಳಗೆ ಕಾಣುವ ಗಂಟಿಗೆ ಕಾರಣ ಮೇಲಿನ ದಾರ. ಇದೊಂದು ವಿಷಯ ಮನಸ್ಸಿಗೆ ಹತ್ತಿದರೆ ಮಷೀನು ರಿಪೇರಿಯವರ ಹತ್ತಿರ ಹೊತ್ತುಕೊಂಡು ಹೋಗುವುದು ಎಷ್ಟೋ ಸಲ ತಪ್ಪುತ್ತದೆ. ಆದರೆ ಹಾಗೆ ಯಾಕೆ ಅಂತ ತಿಳಿಯಬೇಕಾದರೆ ಒಂದು ಹೊಲಿಗೆ ಹೇಗೆ ಹುಟ್ಟುತ್ತದೆ ಅಂತ ನೋಡಬೇಕು.

ಮನೆಯ ಮಷೀನು ಹಾಕುವ ಹೊಲಿಗೆಯಲ್ಲಿ ಎರಡು ದಾರ ಇರುತ್ತವೆ. ಒಂದು ಸೂಜಿಯದು, ಇನ್ನೊಂದು ಬಾಬಿನ್‌ದು. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಮಷೀನು ಕೂಡ ಹೀಗೆ ಎರಡು ದಾರ ಬಳಸಿಯೇ ಹೊಲಿಯುತ್ತಿತ್ತು. ಸೂಜಿ ಬಟ್ಟೆಯೊಳಗೆ ಪೂರ್ತಿ ಇಳಿದು, ಒಂದೆರಡು ಮಿಲಿಮೀಟರ್ ಮೇಲೇಳುತ್ತದೆ. ಆಗ ಸೂಜಿಯ ಒಂದು ಬದಿಯ ದಾರ ಬಟ್ಟೆಗೆ ಒತ್ತಿಕೊಂಡಿರುವುದರಿಂದ ಸೂಜಿಯ ಜೊತೆ ಮೇಲೆ ಬರುವುದಿಲ್ಲ. ಅಲ್ಲೇ ಉಬ್ಬಿ ಸಣ್ಣ ಕುಣಿಕೆಯಾಗುತ್ತದೆ. ಅದೇ ಕ್ಷಣಕ್ಕೆ ಕೆಳಗೆ ಬಾಬಿನ್ ಸುತ್ತ ತಿರುಗುವ ಕೊಕ್ಕೆ, ಅಂದರೆ ಶಟಲ್, ಅದರ ಮೊನೆ ಬಂದು ಕುಣಿಕೆಯನ್ನು ಕೊಕ್ಕೆ ಹಾಕಿ ಎಳೆದು, ಬಾಬಿನ್‌ನ ಸುತ್ತ ಹಾಯಿಸುತ್ತದೆ. ಬಾಬಿನ್ ದಾರ ಕುಣಿಕೆಯೊಳಗೆ ಸಿಕ್ಕಿಕೊಂಡಿತು. ಈಗ ಮಷೀನಿನ ಮುಂಭಾಗದಲ್ಲಿ ಮೇಲೆ ಕೆಳಗೆ ಕುಣಿಯುವ ಕೊಂಡಿ, ಅಂದರೆ ಟೇಕಪ್ ಲಿವರ್, ಮೇಲಿನ ದಾರವನ್ನು ವಾಪಸ್ ಎಳೆದುಕೊಳ್ಳುತ್ತದೆ. ಕುಣಿಕೆ ಚಿಕ್ಕದಾಗುತ್ತಾ ಬಂದು, ಎರಡು ದಾರಗಳೂ ಬಟ್ಟೆಯ ದಪ್ಪದ ನಡುವೆ ಒಂದನ್ನೊಂದು ಅಪ್ಪಿಕೊಂಡು ನಿಲ್ಲುತ್ತವೆ.

ಬಾಬಿನ್ ಕೇಸನ್ನು ಇಡಿಯಾಗಿ ದಾಟಬೇಕಾದ್ದರಿಂದ ಆ ಕುಣಿಕೆ ಹಲವು ಸೆಂಟಿಮೀಟರ್ ಉದ್ದವಿರಬೇಕು. ಆದರೆ ಒಂದು ಹೊಲಿಗೆಯಲ್ಲಿ ಖರ್ಚಾಗುವ ದಾರ ಕೆಲವೇ ಮಿಲಿಮೀಟರ್. ಉಳಿದದ್ದೆಲ್ಲ ಪ್ರತಿ ಹೊಲಿಗೆಗೂ ಕೆಳಗಿಳಿದು ಮತ್ತೆ ಮೇಲೆ ಬರಲೇಬೇಕು. ಅಂದರೆ ದಾರದ ಒಂದೇ ತುಣುಕು ಬಟ್ಟೆಯಲ್ಲಿ ಕೂರುವ ಮೊದಲು ಸೂಜಿಯ ಕಣ್ಣಿನಲ್ಲಿ ಹತ್ತಾರು ಸಲ ಹೋಗಿ ಬಂದಿರುತ್ತದೆ! ಹಳೇ ಕಾಟನ್ ದಾರ, ಅಗ್ಗದ ಜೂಲು ದಾರ ಸೂಜಿಯ ಹತ್ತಿರವೇ ಯಾಕೆ ಕಡಿಯುತ್ತದೆ ಅನ್ನುವುದಕ್ಕೂ ಇಲ್ಲೇ ಉತ್ತರವಿದೆ. ಅಷ್ಟು ಸಲ ಉಜ್ಜಿಸಿಕೊಳ್ಳುವ ತಾಕತ್ತು ಅದಕ್ಕಿರುವುದಿಲ್ಲ.

ಈಗ ಗಂಟಿನ ವಿಷಯಕ್ಕೆ ಬರೋಣ. ಮೇಲಿನ ದಾರಕ್ಕೆ ಹಿಡಿತವೇ ಇಲ್ಲ ಅಂದುಕೊಳ್ಳಿ. ಟೇಕಪ್ ಲಿವರ್ ಎಳೆದಾಗ ಕೆಳಗಿನ ಕುಣಿಕೆಯಿಂದ ದಾರ ಮೇಲೆ ಬರಬೇಕು. ಆದರೆ ದಾರ ಎಲ್ಲಿ ಸಲೀಸೋ ಅಲ್ಲಿಂದಲೇ ಬರುತ್ತದೆ, ಅಲ್ವಾ? ರೀಲಿನ ಕಡೆ ಹಿಡಿಯುವವರೇ ಇಲ್ಲದಿದ್ದರೆ ಲಿವರ್ ರೀಲಿನಿಂದಲೇ ಹೊಸ ದಾರ ಎಳೆದುಕೊಳ್ಳುತ್ತದೆ. ಕೆಳಗಿನ ಕುಣಿಕೆ ಹಾಗೇ ಉಳಿಯುತ್ತದೆ. ಮುಂದಿನ ಹೊಲಿಗೆಗೆ ಇನ್ನೊಂದು, ಅದರ ಮುಂದಿನದಕ್ಕೆ ಮತ್ತೊಂದು. ಬಟ್ಟೆಯಡಿ ಮುದ್ದೆಯಾಗಿ ಕೂತಿದ್ದು ಬಾಬಿನ್ ದಾರವಲ್ಲ, ವಾಪಸ್ ಹೋಗಲಾರದೆ ಉಳಿದ ಮೇಲಿನ ದಾರ. ನಾನು ಬಾಬಿನ್ ಬಿಗಿ ಮಾಡಿದಷ್ಟೂ ಮೇಲಿನ ದಾರ ಇನ್ನಷ್ಟು ಕೆಳಗೆ ಎಳೆಸಿಕೊಂಡಿತು. ಗಂಟು ಜಾಸ್ತಿಯಾಗದೆ ಇನ್ನೇನಾದೀತು?

ಹಿಡಿತ ಕೊಡುವುದು ಮೇಲಿನ ದಾರದ ಬಿಗಿ, ಅಂದರೆ ಟೆನ್ಶನ್, ಹೊಂದಿಸುವ ತಿರುಪಿನ ಹಿಂದಿರುವ ಎರಡು ಬಿಲ್ಲೆಗಳು. ಸ್ಪ್ರಿಂಗ್ ಅವನ್ನು ಒಂದಕ್ಕೊಂದು ಒತ್ತುತ್ತದೆ, ನಡುವೆ ದಾರ ಉಜ್ಜಿಕೊಂಡು ಹಾಯುತ್ತದೆ. ತಿರುಪು ಬಿಗಿ ಮಾಡಿದರೆ ಒತ್ತಡ ಜಾಸ್ತಿ, ಅದಕ್ಕೆ ತಕ್ಕ ಹಾಗೆ ಘರ್ಷಣೆಯೂ ಜಾಸ್ತಿ. ದಪ್ಪ ದಾರ ಹಾಕಿದರೆ ಅದೇ ಬಿಲ್ಲೆಗಳನ್ನು ಅಗಲಿಸಿ ಸ್ಪ್ರಿಂಗನ್ನು ಇನ್ನಷ್ಟು ಅದುಮುತ್ತದೆ. ತಿರುಪು ಮುಟ್ಟದಿದ್ದರೂ ಟೆನ್ಶನ್ ಏರುತ್ತದೆ. ದಾರ ಬದಲಾದಾಗ ಹೊಲಿಗೆ ಬದಲಾಗುವುದಕ್ಕೆ ಇದೂ ಒಂದು ಕಾರಣ.

ಫುಟ್ ಎತ್ತಿದಾಗ ಒಳಗಿನ ಒಂದು ಕಡ್ಡಿ ಈ ಬಿಲ್ಲೆಗಳನ್ನು ಬಿಡಿಸುತ್ತದೆ. ಹೊಲಿದಾದ ಮೇಲೆ ಬಟ್ಟೆ ಸುಲಭವಾಗಿ ಎಳೆದುಕೊಳ್ಳಲಿ ಅಂತ ಮಾಡಿದ ಏರ್ಪಾಡು ಅದು. ಫುಟ್ ಇಳಿಸಿಯೇ ದಾರ ಪೋಣಿಸಿದರೆ ಬಿಲ್ಲೆಗಳು ಮುಚ್ಚಿರುತ್ತವೆ. ದಾರ ಒಳಗೆ ಹೋಗದೆ ಅಂಚಿನ ಮೇಲೇ ಕೂರುತ್ತದೆ. ಕಣ್ಣಿಗೆ ಎಲ್ಲವೂ ಸರಿ, ಹಿಡಿತ ಮಾತ್ರ ಇಲ್ಲ. ಆವತ್ತು ನನಗೆ ಆಗಿದ್ದು ಇದೇ. ಪೋಣಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಫುಟ್ ಎತ್ತಿ ಸೂಜಿಯ ಹತ್ತಿರ ದಾರ ಎಳೆಯಿರಿ, ಸಲೀಸಾಗಿ ಬರಬೇಕು. ಫುಟ್ ಇಳಿಸಿ ಎಳೆಯಿರಿ, ಸೂಜಿ ಬಾಗುವಷ್ಟು ಹಿಡಿಯಬೇಕು. ಎರಡೂ ಸಲ ಒಂದೇ ಥರ ಬಂದರೆ ದಾರ ಬಿಲ್ಲೆಯೊಳಗಿಲ್ಲ, ಇಲ್ಲವೇ ಬಿಲ್ಲೆಗಳ ನಡುವೆ ನಾರು ತುಂಬಿದೆ. ಫುಟ್ ಎತ್ತಿ ಮಡಿಸಿದ ಮಲ್ ಬಟ್ಟೆಯ ಅಂಚನ್ನು ಒಳಗೆ ಹಾಯಿಸಿ ಎಳೆದರೆ ಆ ನಾರು ಬರುತ್ತದೆ.

ಬಿಲ್ಲೆಗಳಷ್ಟೇ ಅಲ್ಲ, ದಾರ ಬಾಗುವ ಪ್ರತಿ ಕೊಂಡಿಯೂ ಲೆಕ್ಕಕ್ಕೆ ಬರುತ್ತದೆ. ನನಗೆ ತುಂಬ ಇಷ್ಟವಾದ ವಿಜ್ಞಾನ ಇರುವುದು ಇಲ್ಲೇ. ಹಳ್ಳಿಯಲ್ಲಿ ಹೋರಿ ಜಗ್ಗಿದಾಗ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ ಹಿಡಿಯುತ್ತಾರೆ. ಅಷ್ಟು ದೊಡ್ಡ ಹೋರಿಯನ್ನು ಒಬ್ಬ ಹುಡುಗ ಹಿಡಿದು ನಿಲ್ಲಿಸಬಲ್ಲ. ಗಣಿತಜ್ಞ ಆಯ್ಲರ್ 18ನೇ ಶತಮಾನದಲ್ಲೇ ಇದರ ಲೆಕ್ಕ ಹಾಕಿದ್ದ. ಸುತ್ತು ಹೆಚ್ಚಿದಂತೆ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಘರ್ಷಣೆಯ ಗುಣಾಂಕ, ಅಂದರೆ ಹಗ್ಗ ಮತ್ತು ಕಂಬ ಎಷ್ಟು ಉಜ್ಜಿಕೊಳ್ಳುತ್ತವೆ ಅನ್ನುವ ಅಳತೆ, 0.2 ಅಂತ ಇಟ್ಟುಕೊಂಡರೆ ಒಂದು ಸುತ್ತಿಗೆ ಹಿಡಿತ ಸುಮಾರು 3.5 ಪಟ್ಟು. ಎರಡು ಸುತ್ತಿಗೆ 12 ಪಟ್ಟು. ಮೂರು ಸುತ್ತಿಗೆ 43 ಪಟ್ಟು! ಕಂಬ ಎಷ್ಟು ದಪ್ಪ ಅನ್ನುವುದು ಮುಖ್ಯವಲ್ಲ, ಎಷ್ಟು ಬಾಗಿತು ಅನ್ನುವುದೇ ಮುಖ್ಯ. ಹಾಗಾಗಿ ಮಷೀನಿನ ತಲೆಯ ಮೇಲಿನ ಒಂದು ಸಣ್ಣ ತಂತಿಯ ಕೊಂಡಿ ಬಿಟ್ಟು ಪೋಣಿಸಿದರೂ ಹೊಲಿಗೆಗೆ ಗೊತ್ತಾಗುತ್ತದೆ. ದಾರ ರೀಲಿನ ಕಂಬಿಗೆ ಒಂದು ಸುತ್ತು ಹೆಚ್ಚಿಗೆ ಸುತ್ತಿಕೊಂಡರಂತೂ ಬಿಗಿದು ಕಡಿಯುತ್ತದೆ. ಟೇಕಪ್ ಲಿವರ್‌ನ ತೂತಿಗೇ ದಾರ ಹಾಕಿಲ್ಲದಿದ್ದರೆ ಕೇಳುವುದೇ ಬೇಡ, ಕೆಳಗೆ ಗೂಡು ಗ್ಯಾರಂಟಿ.

ಚಿಕ್ಕಮ್ಮನ ಇನ್ನೊಂದು ಅಭ್ಯಾಸ ಹೇಳುತ್ತೇನೆ. ಸಂಶಯ ಬಂದರೆ ಮೇಲೆ ಕೆಂಪು ದಾರ, ಬಾಬಿನ್‌ಗೆ ಬಿಳಿ ದಾರ ಹಾಕುತ್ತಾರೆ. ಹೊಲಿಯಬೇಕಾದ ಬಟ್ಟೆಯದೇ ಚೂರನ್ನು ಎರಡು ಪದರ ಮಡಿಸಿ ಒಂದು ಗೇಣು ಹೊಲಿಯುತ್ತಾರೆ. ಮೇಲ್ಭಾಗದಲ್ಲಿ ಬಿಳಿ ಚುಕ್ಕೆ ಕಂಡರೆ ಮೇಲಿನ ದಾರ ಬಿಗಿ, ಅಥವಾ ಕೆಳಗಿನದು ಸಡಿಲ. ಕೆಳಗೆ ಕೆಂಪು ಚುಕ್ಕೆ ಕಂಡರೆ ಮೇಲಿನದು ಸಡಿಲ, ಅಥವಾ ಕೆಳಗಿನದು ಬಿಗಿ. ಆ ಅನುಮಾನವನ್ನೂ ಬಿಡಿಸಬೇಕಾದರೆ ಬಟ್ಟೆಯ ಎಳೆಗೆ ಓರೆಯಾಗಿ, ಕರ್ಣದ ಉದ್ದಕ್ಕೆ ಹೊಲಿದು ಎರಡೂ ತುದಿ ಹಿಡಿದು ಫಟ್ ಅಂತ ಜಗ್ಗಬೇಕು. ಓರೆಯಲ್ಲಿ ಬಟ್ಟೆ ಹಿಗ್ಗುತ್ತದೆ, ದಾರ ಅಷ್ಟು ಹಿಗ್ಗುವುದಿಲ್ಲ. ಯಾವ ಬಣ್ಣದ ದಾರ ಮೊದಲು ಕಡಿಯಿತೋ ಅದೇ ಬಿಗಿ. ಎರಡೂ ಒಟ್ಟಿಗೆ ಕಡಿದರೆ ಸಮ ಇದೆ ಅಂತ ಅರ್ಥ. ಯಾವ ಉಪಕರಣವೂ ಬೇಡ, ಎರಡು ಕೈ ಸಾಕು.

ಮೇಲಿನದೆಲ್ಲ ನೋಡಿಯೂ ಸರಿಹೋಗದಿದ್ದರೆ ಆಗ ಬಾಬಿನ್ ಕಡೆ ಹೋಗಿ. ಹಳೇ ಕಪ್ಪು ಮಷೀನುಗಳ ಕಬ್ಬಿಣದ ಬಾಬಿನ್ ಕೇಸ್ ಇದ್ದರೆ ತುಂಬಿದ ಬಾಬಿನ್ ಹಾಕಿ, ದಾರದ ತುದಿ ಹಿಡಿದು ಕೇಸನ್ನು ಗಾಳಿಯಲ್ಲಿ ತೂಗುಬಿಡಿ. ಅದು ಅಲ್ಲೇ ನಿಲ್ಲಬೇಕು. ಮಣಿಕಟ್ಟು ಒಮ್ಮೆ ಸಣ್ಣಗೆ ಮೇಲಕ್ಕೆ ಜಗ್ಗಿ. ಒಂದೆರಡು ಅಂಗುಲ ಜಾರಿ ಮತ್ತೆ ನಿಲ್ಲಬೇಕು. ಸರ್ರನೆ ನೆಲಕ್ಕೆ ಇಳಿದರೆ ಸಡಿಲ, ಜಗ್ಗಿದರೂ ಅಲ್ಲಾಡದಿದ್ದರೆ ಬಿಗಿ. ಇದೊಂದು ಪುಟ್ಟ ತಕ್ಕಡಿ. ಒಂದು ಕಡೆ ಕೇಸಿನ ತೂಕ, ಇನ್ನೊಂದು ಕಡೆ ಉಕ್ಕಿನ ಪಟ್ಟಿ ದಾರವನ್ನು ಒತ್ತುವ ಘರ್ಷಣೆ. ಸುಮ್ನೆ ತೂಗುವಾಗ ಘರ್ಷಣೆ ಗೆಲ್ಲುತ್ತದೆ, ಜಗ್ಗಿದಾಗ ಒಂದು ಕ್ಷಣ ಸೋಲುತ್ತದೆ.

ಸ್ಕ್ರೂ ತಿರುಗಿಸುವ ಮೊದಲು ಆ ಉಕ್ಕಿನ ಪಟ್ಟಿಯ ಅಡಿಯಲ್ಲಿ ದಪ್ಪ ಕಾಗದದ ಮೂಲೆ ಹಾಯಿಸಿ ನೋಡಿ. ಬೂದು ಬಣ್ಣದ ನಾರಿನ ಒಂದು ಎಳೆ ಬಂದರೂ ಸಾಕು, ಪಟ್ಟಿಯನ್ನು ಎತ್ತಿ ಹಿಡಿದಿದ್ದು ಅದೇ ಇರಬಹುದು. ಬಾಬಿನ್ ಸುತ್ತಿದ್ದು ಹೇಗಿದೆ ಅಂತಲೂ ನೋಡಿ. ಒಂದು ಕಡೆ ಗುಡ್ಡ, ಒಂದು ಕಡೆ ಹಳ್ಳ ಇದ್ದರೆ ಎಳೆತ ಹೊಲಿಗೆಯಿಂದ ಹೊಲಿಗೆಗೆ ಬದಲಾಗುತ್ತದೆ, ಯಾವ ಸ್ಕ್ರೂ ತಿರುಗಿಸಿದರೂ ಕೂರುವುದಿಲ್ಲ. ತಿರುಗಿಸಲೇಬೇಕು ಅಂದರೆ ಸ್ಕ್ರೂವಿನ ಗೀರು ಎತ್ತ ನೋಡುತ್ತಿದೆ ಅಂತ ಮೊದಲು ಗುರುತು ಮಾಡಿಕೊಳ್ಳಿ. ಗಡಿಯಾರದ ದೊಡ್ಡ ಮುಳ್ಳು ಐದು ನಿಮಿಷ ಸರಿಯುವಷ್ಟು ಮಾತ್ರ ತಿರುಗಿಸಿ, ಹೊಲಿದು ನೋಡಿ. ನನ್ನ ಹಾಗೆ ಪೂರ್ತಿ ಸುತ್ತು ಬೇಡ. ಕೆಳಗೊಂದು ತಟ್ಟೆ ಇಟ್ಟುಕೊಳ್ಳಿ. ಸಾಸಿವೆಗಿಂತ ಸ್ವಲ್ಪ ದೊಡ್ಡ ಸ್ಕ್ರೂ ಅದು, ಬಿದ್ದರೆ ಸಿಗುವುದಿಲ್ಲ.

ಸೂಜಿಯದು ಸಣ್ಣ ಮಾತು, ಆದರೆ ಎಲ್ಲರೂ ಮರೆಯುತ್ತಾರೆ. ಬಾಗಿದ ಸೂಜಿ, ಮೊಂಡಾದ ಸೂಜಿ, ಚಪ್ಪಟೆ ಬದಿ ತಪ್ಪು ದಿಕ್ಕಿಗೆ ಕೂತ ಸೂಜಿ, ಇವು ಮೂರೂ ಟೆನ್ಶನ್ ತೊಂದರೆಯ ವೇಷದಲ್ಲಿ ಬರುತ್ತವೆ. 14 ನಂಬರ್ ಸೂಜಿಯ ಮೇಲೆ 90 ಅಂತಲೂ ಬರೆದಿರುತ್ತದೆ. ಅದು 0.9 ಮಿಲಿಮೀಟರ್ ದಪ್ಪ. ಕಣ್ಣು ಚಿಕ್ಕದಾಗಿ ದಾರ ದಪ್ಪವಾದರೆ ಎಳೆತವೆಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಎರಡೂ ದಾರ ಸಮ ಇದ್ದೂ ಹೊಲಿಗೆ ಸುಕ್ಕಾಗುವುದುಂಟು. ಆಗ ಎರಡೂ ಜಾಸ್ತಿ ಬಿಗಿ ಇರುತ್ತವೆ. ಪಾಲಿಸ್ಟರ್ ದಾರದಲ್ಲಿ ಇದು ಇನ್ನೂ ಮೋಸ ಮಾಡುತ್ತದೆ. ಹೊಲಿಯುವಾಗ ಹಿಗ್ಗಿ, ಫುಟ್ ಅಡಿಯಿಂದ ಹೊರಬಂದ ಮೇಲೆ ನಿಧಾನವಾಗಿ ಕುಗ್ಗುತ್ತದೆ. ಸೀರೆಗೆ ಫಾಲ್ ಹೊಲಿದ ಕೂಡಲೇ ಚೆನ್ನಾಗಿ ಕಂಡು, ಮರುದಿನ ಅಂಚು ನೆರಿಗೆಯಾಗಿದ್ದು ನೋಡಿ ಬೇಜಾರಾದವರು ಎಷ್ಟು ಜನ! ಶಿಫಾನ್, ಜಾರ್ಜೆಟ್‌ನಂಥ ತೆಳು ಬಟ್ಟೆಯಲ್ಲಿ ಎರಡು ದಾರಗಳ ಗಂಟು ಅಡಗಲು ಜಾಗವೇ ಇಲ್ಲ. ಜೀನ್ಸ್‌ನ ದಪ್ಪ ಮಡಿಕೆಯಲ್ಲಿ ಬೇಕಾದಷ್ಟಿದೆ. ತಿರುಪಿನ ಮೇಲಿನ ಒಂದೇ ಅಂಕಿ ಎಲ್ಲ ಬಟ್ಟೆಗೂ ಸರಿಹೋಗದಿರುವುದು ಇದಕ್ಕೇ. ಬ್ಲೌಸಿನ ಮೇಲೆ ಮಷೀನ್ ಎಂಬ್ರಾಯ್ಡರಿ ಮಾಡುವವರಂತೂ ಸಮತೋಲವನ್ನು ಬೇಕೆಂದೇ ಕೆಡಿಸುತ್ತಾರೆ. ಬಾಬಿನ್ ದಾರ ಮೇಲೆ ಇಣುಕಬಾರದು ಅಂತ ಮೇಲಿನ ದಾರವನ್ನು ಸ್ವಲ್ಪ ಸಡಿಲ ಬಿಡುತ್ತಾರೆ. ಅವರ ಕೆಲಸದ ಹಿಂಭಾಗದಲ್ಲಿ ಬಣ್ಣದ ದಾರ ಕಂಡರೆ ಅದು ತಪ್ಪಲ್ಲ.

ಚಿಕ್ಕಮ್ಮನ ಮಷೀನಿನ ಡ್ರಾಯರಿನಲ್ಲಿ ಒಂದು ಹಳೇ ಡೈರಿ ಇದೆ. ಪ್ರತಿ ಪುಟಕ್ಕೂ ಒಂದು ಬಟ್ಟೆ ಚೂರು ಪಿನ್ ಮಾಡಿದ್ದಾರೆ. ಕಾಟನ್, ರೇಷ್ಮೆ, ಸ್ಯಾಟಿನ್, ವೆಲ್ವೆಟ್. ಪ್ರತಿ ಚೂರಿನ ಮೇಲೂ ಒಂದು ಗೇಣು ಕೆಂಪು ಬಿಳಿ ಹೊಲಿಗೆ. ಪಕ್ಕದಲ್ಲಿ ಸೂಜಿಯ ನಂಬರು, ತಿರುಪು ಎಷ್ಟು ಸುತ್ತಿದ್ದು ಅನ್ನುವುದು ಪೆನ್ಸಿಲ್‌ನಲ್ಲಿ. ಮೊನ್ನೆ ಅದರಲ್ಲಿ ಖಾಲಿ ಪುಟ ಹುಡುಕಿ ನನ್ನ ಬ್ಲೌಸಿನ ಚೂರನ್ನೂ ಸೇರಿಸಿದೆ.